ಬಿಸಿಯಾದರೂ ಬೆಸುಗೆ ಹಿಡಿಯದ ಐರನ್: ಶಾಲಾ ರಿಪೇರಿಗೆ ಹಗುರ ಸೋಲ್ಡರಿಂಗ್ ಐರನ್ ಆರಿಸಿದ ಅನುಭವ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸರ್ಕಾರಿ ಪ್ರೌಢಶಾಲೆ. ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಘಟಕ. ಓಮ್‌ನ ನಿಯಮದ ಚಟುವಟಿಕೆಯನ್ನು ಆರು ಗುಂಪುಗಳಲ್ಲಿ ಮಾಡಿಸುವುದೆಂದು ಪಾಠಯೋಜನೆಯಲ್ಲಿ ಬರೆದುಕೊಂಡು ಹೋಗಿದ್ದೆ. ವಿಜ್ಞಾನದ ಕಪಾಟು ತೆಗೆದ ಮೇಲೆ ಆರು ಗುಂಪು ಎರಡಕ್ಕೆ ಇಳಿಯಿತು. ಒಂಬತ್ತು ಬಲ್ಬ್ ಹೋಲ್ಡರ್‌ಗಳಲ್ಲಿ ವೈರ್ ಉಳಿದಿದ್ದದ್ದು ಎರಡಕ್ಕೆ ಮಾತ್ರ. ಬ್ಯಾಟರಿ ಪೆಟ್ಟಿಗೆಗಳ ಸ್ಪ್ರಿಂಗಿನಿಂದ ವೈರ್ ಕಿತ್ತು ಬಂದಿತ್ತು. ಮಲ್ಟಿಮೀಟರಿನ ಕಪ್ಪು ತಂತಿ ಬುಡದಲ್ಲೇ ಮುರಿದಿತ್ತು. ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದಾಗ ನನಗೆ ಕಂಡದ್ದೆಂದರೆ, ಇವುಗಳಲ್ಲಿ ಹೆಚ್ಚಿನವು ಕೆಟ್ಟಿರಲಿಲ್ಲ, ಬೆಸುಗೆ ಬಿಟ್ಟಿದ್ದವು ಅಷ್ಟೆ.

ನಮ್ಮ ಚಿಕ್ಕಪ್ಪನದು ಟಿವಿ-ಮಿಕ್ಸಿ ರಿಪೇರಿ ಅಂಗಡಿ. ಬಿ.ಎಸ್ಸಿ. ಓದುವಾಗ ರಜೆಯಲ್ಲಿ ಅಲ್ಲಿ ಕೂತು ಬೆಸುಗೆ ಹಾಕುವುದನ್ನು ಒಂದಿಷ್ಟು ಕಲಿತಿದ್ದೆ. ಹಾಗಾಗಿ ಮಕ್ಕಳ ಎದುರೇ ರಿಪೇರಿ ಮಾಡಿ, ಅದನ್ನೇ ವಿದ್ಯುತ್ ಪ್ರವಾಹದ ಉಷ್ಣ ಪರಿಣಾಮದ ಪಾಠವಾಗಿಸಬಹುದು ಎನಿಸಿತು. ಮಾರ್ಗದರ್ಶಿ ಶಿಕ್ಷಕಿಯವರು ಒಂದು ಅವಧಿ ಬಿಟ್ಟುಕೊಟ್ಟರು. ಯಾವ ಐರನ್ ಒಯ್ಯುವುದು ಎಂಬುದಷ್ಟೇ ಉಳಿದ ಪ್ರಶ್ನೆ. ಅದು ಇಷ್ಟು ದೂರ ಎಳೆದೀತೆಂದು ಆಗ ಅಂದುಕೊಂಡಿರಲಿಲ್ಲ.

ಚಿಕ್ಕಪ್ಪನ ಅಂಗಡಿಯಲ್ಲಿರುವುದು ಎಲ್ಲ ಕಡೆ ಕಾಣುವ 25 ವ್ಯಾಟ್‌ನ ಐರನ್. 230 ವೋಲ್ಟಿಗೆ ನೇರವಾಗಿ ಸಿಕ್ಕಿಸುವಂಥದ್ದು. ಅದನ್ನು ಒಯ್ಯಲು ನನಗೆ ಮೂರು ಅಡ್ಡಿಗಳಿದ್ದವು. ತರಗತಿಯಲ್ಲಿ ಇದ್ದ ಒಂದೇ ಪ್ಲಗ್ ಪಾಯಿಂಟ್ ಬಾಗಿಲ ಬಳಿ ಇತ್ತು. ಅಲ್ಲಿಂದ ಎಕ್ಸ್‌ಟೆನ್ಷನ್ ಎಳೆದರೆ ಮಕ್ಕಳು ಓಡಾಡುವ ದಾರಿಯಲ್ಲಿ 230 ವೋಲ್ಟ್ ಮಲಗಿರುತ್ತದೆ. ಆ ಊರಿನಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿಲ್ಲ. ಅಲ್ಲದೆ ಕೊನೆಯ ಗಂಟೆ ಹೊಡೆದು ಹತ್ತು ನಿಮಿಷಕ್ಕೆ ನನ್ನ ಬಸ್ಸು, ಐರನ್ ಆರುವುದಕ್ಕೆ ಕಾಲು ಗಂಟೆಯಾದರೂ ಬೇಕು. ಬಿಸಿ ಐರನ್ನನ್ನು ಪಾಠಯೋಜನೆ ಪುಸ್ತಕಗಳ ಜೊತೆ ಬ್ಯಾಗಿಗೆ ತುರುಕಲು ಸಾಧ್ಯವಿರಲಿಲ್ಲ.

ಬ್ಯುಟೇನ್ ಅನಿಲದಿಂದ ಉರಿಯುವ ಐರನ್‌ಗಳೂ ಇವೆ, ಕರೆಂಟು ಬೇಡ, ಶಾಖವೂ ಚೆನ್ನಾಗಿರುತ್ತದೆ. ಆದರೆ ತುದಿಯ ಪಕ್ಕದ ರಂಧ್ರದಿಂದ ಸುಡುವ ಗಾಳಿ ಹೊರಬರುತ್ತದೆ. ಸುತ್ತ ಬಗ್ಗಿ ನಿಂತ ನಲವತ್ತು ಮಕ್ಕಳ ನಡುವೆ ಅದು ಬೇಡವೆಂದು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಕೊನೆಗೆ ಪವರ್ ಬ್ಯಾಂಕಿಗೆ ಸಿಕ್ಕಿಸುವ, ಪೆನ್ನಿನಷ್ಟೇ ಇರುವ 5 ವೋಲ್ಟ್, 8 ವ್ಯಾಟ್‌ನ ಯುಎಸ್‌ಬಿ ಐರನ್ ಕೊಂಡೆ. ಮನೆಯಲ್ಲಿ ತೆಳು ವೈರುಗಳಿಗೆ ಹಿಡಿದು ನೋಡಿದೆ, ಚೆನ್ನಾಗಿಯೇ ಹಿಡಿಯಿತು. ಅಷ್ಟಕ್ಕೇ ತೃಪ್ತಿಪಟ್ಟು ಶಾಲೆಗೆ ಹೋದದ್ದು ನನ್ನ ತಪ್ಪು.

ಪಾಠ ಹೇಗಾಯಿತೆಂದು ಮುಚ್ಚಿಡದೆ ಬರೆಯುತ್ತೇನೆ. ಮೊದಲು ತುಂಡಾದ ಎರಡು ವೈರುಗಳನ್ನು ಸೇರಿಸಿ ತೋರಿಸಿದೆ. ಲೆಡ್ ಕರಗಿ ಹರಿಯಿತು, ಮಕ್ಕಳು ಕುತೂಹಲದಿಂದ ನೋಡಿದರು. (ರಿಪೇರಿ ಅಂಗಡಿಯಲ್ಲಿ ಸೋಲ್ಡರ್ ವೈರಿಗೆ ಲೆಡ್ ಎಂದೇ ಹೆಸರು. ಈ ಹೆಸರಿನ ವಿಷಯ ಮುಂದೆ ಬರುತ್ತದೆ.) ನಂತರ ಬಲ್ಬ್ ಹೋಲ್ಡರಿನ ಹಿತ್ತಾಳೆ ಟರ್ಮಿನಲ್‌ಗೆ ತುದಿ ಹಿಡಿದೆ. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಲೆಡ್ ತುದಿಯ ಮೇಲೆ ಮಣಿಯಂತೆ ಕೂತಿತೇ ಹೊರತು ಹಿತ್ತಾಳೆಗೆ ಹತ್ತಲಿಲ್ಲ. ಒತ್ತಿ ಹಿಡಿದೆ, ತಿರುಗಿಸಿ ಹಿಡಿದೆ, ಪೇಸ್ಟ್ ಹಚ್ಚಿದೆ. ಅಷ್ಟರಲ್ಲಿ ಹಿಂದಿನ ಬೆಂಚುಗಳಲ್ಲಿ ಮಾತು ಶುರುವಾಗಿತ್ತು. ಆಗ ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು ಕೇಳಿದ:

"ಮಿಸ್, ಐರನ್ ಬಿಸಿ ಇದೆ ಅಲ್ವಾ? ಈಗ ತಾನೆ ವೈರಿಗೆ ಹಿಡೀತಲ್ಲ. ಇದಕ್ಕೆ ಮಾತ್ರ ಯಾಕೆ ಹಿಡೀತಿಲ್ಲ?"

"ಇದಕ್ಕೆ ಇನ್ನೂ ಜಾಸ್ತಿ ಬಿಸಿ ಬೇಕಪ್ಪ" ಎಂದೆ. ಅವನು ಬಿಡಲಿಲ್ಲ. "ಲೆಡ್ ಕರಗೋದು ಎರಡಕ್ಕೂ ಒಂದೇ ಡಿಗ್ರೀಲಿ ತಾನೆ ಮಿಸ್?"

ಅವನ ಮಾತು ಸರಿ, ನನ್ನ ಉತ್ತರ ತಪ್ಪು. ಹೆಚ್ಚು ಬೇಕಾದದ್ದು ತಾಪವಲ್ಲ, ಉಷ್ಣ. ಏಳನೇ ತರಗತಿಯಿಂದ ಬಿ.ಎಸ್ಸಿ.ವರೆಗೆ ಓದಿದ ಈ ವ್ಯತ್ಯಾಸ ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬರಲಿಲ್ಲ. ಗಂಟೆ ಹೊಡೆಯಿತು. ಮಾರ್ಗದರ್ಶಿ ಶಿಕ್ಷಕಿಯವರು ಅವಲೋಕನ ಪುಸ್ತಕದಲ್ಲಿ ಎರಡು ಸಾಲು ಬರೆದಿದ್ದರು: ಉಪಕರಣವನ್ನು ಮೊದಲೇ ಪರೀಕ್ಷಿಸಿಕೊಂಡು ಬರಬೇಕಿತ್ತು, ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಬಾಕಿ ಇದೆ. ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ಚುಚ್ಚಿತು.

ಆ ಸಂಜೆ ಹೋಲ್ಡರಿನ ಟರ್ಮಿನಲ್ ಒಂದನ್ನು ಬಿಚ್ಚಿ ಕಾಲೇಜಿನ ತಕ್ಕಡಿಯಲ್ಲಿ ತೂಗಿದೆ. ಹೆಚ್ಚುಕಡಿಮೆ 8 ಗ್ರಾಂ. ಹಿತ್ತಾಳೆಯ ವಿಶಿಷ್ಟೋಷ್ಣ ಗ್ರಾಮಿಗೆ, ಡಿಗ್ರಿಗೆ ಸುಮಾರು 0.38 ಜೌಲ್. ಕೋಣೆಯ 30 ಡಿಗ್ರಿಯಿಂದ ಬೆಸುಗೆ ಹರಿಯುವ 200 ಡಿಗ್ರಿಗೆ ಏರಿಸಲು 170 ಡಿಗ್ರಿ ಬೇಕು. ಮೂರನ್ನೂ ಗುಣಿಸಿದರೆ ಸುಮಾರು 520 ಜೌಲ್. ವೈರಿನ ಸುಲಿದ ತುದಿಯಲ್ಲಿ ಇದ್ದ ತಾಮ್ರ 0.1 ಗ್ರಾಂ ಎಂದಿಟ್ಟುಕೊಂಡರೆ ಅದಕ್ಕೆ 7 ಜೌಲ್ ಸಹ ಬೇಡ. ಎಂಟು ವ್ಯಾಟ್ ಎಂದರೆ ಸೆಕೆಂಡಿಗೆ ಎಂಟು ಜೌಲ್. ವೈರಿಗೆ ಒಂದು ಸೆಕೆಂಡು ಸಾಕು; ಟರ್ಮಿನಲ್ಲಿಗೆ ಒಂದು ಹನಿ ಉಷ್ಣವೂ ಪೋಲಾಗದಿದ್ದರೂ 65 ಸೆಕೆಂಡು. ಪೋಲಾಗದೆ ಇರುತ್ತದೆಯೇ? ಆ ಎಂಟರಲ್ಲಿ ಒಂದು ಪಾಲು ಐರನ್ ತನ್ನನ್ನು ಬಿಸಿಯಾಗಿಟ್ಟುಕೊಳ್ಳಲಿಕ್ಕೇ ಖರ್ಚಾಗುತ್ತದೆ, ಇನ್ನೊಂದು ಪಾಲು ಟರ್ಮಿನಲ್ಲಿನಿಂದ ವೈರಿಗೆ, ಗಾಳಿಗೆ ಹೋಗುತ್ತದೆ. ತೂತಿನ ಕೊಡಕ್ಕೆ ಲೋಟದಲ್ಲಿ ನೀರು ಹಾಕಿದ ಹಾಗೆ, ಒಂದು ಮಟ್ಟ ಮುಟ್ಟಿದ ಮೇಲೆ ಏರುವುದೇ ಇಲ್ಲ. ನಾನು ಇನ್ನೊಂದು ಗಂಟೆ ಹಿಡಿದಿದ್ದರೂ ಅದು ಹತ್ತುತ್ತಿರಲಿಲ್ಲ.

ಆದರೆ ಚಿಕ್ಕಪ್ಪನ 25 ವ್ಯಾಟಿನ ಐರನ್ ಇದೇ ಟರ್ಮಿನಲ್ಲನ್ನು ಕೆಲವೇ ಸೆಕೆಂಡುಗಳಲ್ಲಿ ಹಿಡಿಸುತ್ತದೆ. 520ನ್ನು 25ರಿಂದ ಭಾಗಿಸಿದರೆ 20 ಸೆಕೆಂಡು ಮೀರಬೇಕು. ಲೆಕ್ಕ ಕೂಡಲಿಲ್ಲ. ಕೇಳಿದ್ದಕ್ಕೆ ಚಿಕ್ಕಪ್ಪ ತಲೆ ಎತ್ತದೆ ಹೇಳಿದರು: "ಅದರ ಬಿಟ್ ನೋಡಿದ್ಯೇನಮ್ಮ? ಮೊಳೆ ಥರ ಇದೆ. ಐದು ನಿಮಿಷ ಕುಡಿದಿದ್ದನ್ನ ಒಂದೇ ಸಲ ಕಕ್ಕುತ್ತೆ."

ಬಿಟ್ ತೆಗೆದು ತೂಗಿದರೆ 14 ಗ್ರಾಂ ತಾಮ್ರ. ಅದು 350 ಡಿಗ್ರಿಯಿಂದ 250ಕ್ಕೆ ಇಳಿದರೆ ಬಿಟ್ಟುಕೊಡುವ ಉಷ್ಣ ಸುಮಾರು 546 ಜೌಲ್. ಟರ್ಮಿನಲ್ಲಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ! ಅಂದರೆ ಆ ಐರನ್ ಕೆಲಸ ಮಾಡುವುದು 25 ವ್ಯಾಟಿನಿಂದ ಮಾತ್ರವಲ್ಲ, ತನ್ನ ತೂಕದಿಂದ. ತೂಕವೇ ಅದರ ಉಗ್ರಾಣ. ನನಗೆ ಬೇಕಿದ್ದದ್ದು ಹಗುರ ಐರನ್. ಹಗುರವಾದದ್ದರ ತುದಿಯಲ್ಲಿ ಬಿಸಿಯಾಗುವ ಲೋಹ ಎರಡು ಗ್ರಾಂ ಎಂದಿಟ್ಟುಕೊಂಡರೆ ನೂರು ಡಿಗ್ರಿ ಇಳಿದರೂ ಸಿಗುವುದು 80 ಜೌಲ್ ಅಷ್ಟೆ. ಉಗ್ರಾಣವಿಲ್ಲದವರು ದಿನದ ದುಡಿಮೆಯಿಂದಲೇ ಉಣ್ಣಬೇಕು. ಹಗುರ ಐರನ್ ಕೆಲಸ ಮಾಡಬೇಕಾದರೆ ಉಷ್ಣ ತುದಿಯಲ್ಲೇ ಹುಟ್ಟಬೇಕು, ತಾಪ ಇಳಿದ ಕೂಡಲೇ ಅದಕ್ಕೆ ತಿಳಿಯಬೇಕು, ತಿಳಿದ ಮೇಲೆ ಬೇಕಾದಷ್ಟು ವಿದ್ಯುತ್ ಹಿಂದಿನಿಂದ ಬರಬೇಕು. ಡಬ್ಬದ ಮೇಲಿನ ವ್ಯಾಟ್ ಸಂಖ್ಯೆಯನ್ನಷ್ಟೇ ನೋಡುತ್ತಿದ್ದ ನಾನು ಇಲ್ಲಿಂದ ಮುಂದೆ ಈ ಮೂರನ್ನು ನೋಡತೊಡಗಿದೆ.

ಈ ಬಗೆಯ ಐರನ್‌ಗಳು ಈಗ ಹಲವು ಇವೆ. ಟಿಎಸ್100 ಎಂಬುದು ಬಹಳ ಮಂದಿಗೆ ಗೊತ್ತು. ಪೈನ್64 ಸಂಸ್ಥೆಯ ಪೈನ್‌ಸಿಲ್ ಅದೇ ಮಾದರಿಯ ತುದಿಗಳನ್ನು ಬಳಸುತ್ತದೆ. ಕೇಬಲ್ ಬಿಟ್ಟರೆ ತೂಕ ಸುಮಾರು ಮೂವತ್ತು ಗ್ರಾಂ. ಸುರುಳಿಯೂ ತಾಪ ಅಳೆಯುವ ಥರ್ಮೋಕಪಲ್ಲೂ ತುದಿಯ ಒಳಗೇ ಇರುತ್ತವೆ. ಹಿಡಿಕೆಯಲ್ಲಿರುವ ಚಿಪ್ ಸೆಕೆಂಡಿಗೆ ಹಲವು ಬಾರಿ ಕಾಯಿಸುವುದನ್ನು ಕ್ಷಣಕಾಲ ನಿಲ್ಲಿಸಿ ತಾಪ ಅಳೆದು ಮತ್ತೆ ಕಾಯಿಸುತ್ತದೆ. ಪುಟ್ಟ ಪರದೆಯ ಮೇಲೆ ತಾಪ ಕಾಣುತ್ತದೆ. ಕೆಳಗಿಟ್ಟು ಅಲುಗಾಡಿಸದಿದ್ದರೆ ತಾನೇ ತಾಪ ಇಳಿಸಿ ನಿದ್ದೆಗೆ ಹೋಗುತ್ತದೆ. ತರಗತಿಗೆ ಒಯ್ಯುವವರಿಗೆ ಈ ಕೊನೆಯ ಗುಣವೊಂದೇ ಅದರ ಬೆಲೆಯ ಅರ್ಧಕ್ಕೆ ಸಮ ಎಂದು ನನ್ನ ಅಭಿಪ್ರಾಯ. ಸಣ್ಣ ತುದಿ ಒಂದೆರಡು ನಿಮಿಷದಲ್ಲಿ ಆರುತ್ತದೆ, ಬಸ್ಸೂ ಸಿಗುತ್ತದೆ.

ಸಹಪಾಠಿಯೊಬ್ಬರ ಅಣ್ಣನ ಬಳಿ ಇಂಥದ್ದೊಂದಿತ್ತು. ಕೊಳ್ಳುವ ಮೊದಲು ಒಂದು ವಾರ ಎರವಲು ತಂದೆ. ಅದರ ತುದಿಯ ರೋಧ ಸುಮಾರು 8 ಓಮ್. ಇಲ್ಲಿಂದ ಮುಂದಿನದು ಹತ್ತನೇ ತರಗತಿಯ ಪಾಠವೇ: ವಿಭವಾಂತರದ ವರ್ಗವನ್ನು ರೋಧದಿಂದ ಭಾಗಿಸಿದರೆ ಸಾಮರ್ಥ್ಯ. ಅದೇ ಐರನ್, ಅದೇ ತುದಿ. 5 ವೋಲ್ಟ್ ಕೊಟ್ಟರೆ 3 ವ್ಯಾಟ್, 9 ವೋಲ್ಟಿಗೆ 10, 12 ವೋಲ್ಟಿಗೆ 18, 20 ವೋಲ್ಟಿಗೆ 50. ವೋಲ್ಟೇಜು ನಾಲ್ಕು ಪಟ್ಟು ಆದರೆ ಸಾಮರ್ಥ್ಯ ಹದಿನಾರು ಪಟ್ಟು. ಹಾಗಾಗಿ ಇಂಥ ಐರನ್ ಕೊಳ್ಳುವವರು ನಿಜವಾಗಿ ಕೊಳ್ಳುವುದು ಐರನ್ ಮತ್ತು ಅಡಾಪ್ಟರ್ ಎರಡನ್ನೂ. ಫೋನಿನ ಚಾರ್ಜರ್ ಇದೆಯಲ್ಲ ಎಂದುಕೊಂಡು ಮೋಸ ಹೋಗುವುದು ಇಲ್ಲೇ. ಹಲವು ಫೋನ್ ಚಾರ್ಜರ್‌ಗಳು ತಮ್ಮ ಕಂಪನಿಯ ಫೋನಿಗೆ ಮಾತ್ರ ವೇಗವಾಗಿ ಕೊಟ್ಟು, ಬೇರೆಯದಕ್ಕೆ 5 ವೋಲ್ಟಿನಲ್ಲೇ ನಿಂತುಬಿಡುತ್ತವೆ. ಬೇಕಾದದ್ದು ಪವರ್ ಡೆಲಿವರಿ ಎಂಬ ವಿಧಾನದಲ್ಲಿ 20 ವೋಲ್ಟ್ ಕೊಡುವ ಯುಎಸ್‌ಬಿ-ಸಿ ಚಾರ್ಜರ್, ಲ್ಯಾಪ್‌ಟಾಪಿನದು. ಅದರಲ್ಲೂ ಒಂದು ಸೂಕ್ಷ್ಮವಿದೆ. 45 ವ್ಯಾಟಿನ ಚಾರ್ಜರ್ 20 ವೋಲ್ಟಿನಲ್ಲಿ 2.25 ಆಂಪಿಯರ್ ಕೊಡಬಲ್ಲದು. 8 ಓಮ್ ತುದಿ ಕೇಳುವುದು 2.5 ಆಂಪಿಯರ್. ಆದ್ದರಿಂದ 65 ವ್ಯಾಟಿನದು ಕ್ಷೇಮ. ಈ ಲೆಕ್ಕವನ್ನು ಆಮೇಲೆ ಮಕ್ಕಳಿಗೆ ಮನೆಗೆಲಸವಾಗಿ ಕೊಟ್ಟೆ. ಪುಸ್ತಕದ ಇಸ್ತ್ರಿಪೆಟ್ಟಿಗೆಯ ಲೆಕ್ಕಗಳಿಗಿಂತ ಇದನ್ನು ಹೆಚ್ಚು ಮಂದಿ ಮಾಡಿಕೊಂಡು ಬಂದಿದ್ದರು.

ಪವರ್ ಬ್ಯಾಂಕ್ ವಿಷಯದಲ್ಲಿಯೂ ಮಿಲಿಯಾಂಪಿಯರ್-ಗಂಟೆಯ ದೊಡ್ಡ ಸಂಖ್ಯೆ ಅರ್ಧ ಸತ್ಯ. 20,000 ಎಂದು ಬರೆದಿರುವುದು ಒಳಗಿನ 3.7 ವೋಲ್ಟ್ ಕೋಶದ ಲೆಕ್ಕ. ಅಂದರೆ 74 ವ್ಯಾಟ್-ಗಂಟೆ. ಪರಿವರ್ತನೆಯಲ್ಲಿ ಒಂದಿಷ್ಟು ಹೋದರೂ ಒಂದು ಮಧ್ಯಾಹ್ನದ ರಿಪೇರಿಗೆ ಧಾರಾಳವಾಯಿತು, ಏಕೆಂದರೆ ಐರನ್ ಪೂರ್ಣ 50 ವ್ಯಾಟ್ ಎಳೆಯುವುದು ಕಾಯುವಾಗ ಮತ್ತು ದಪ್ಪ ಲೋಹಕ್ಕೆ ತಾಗಿಸಿದಾಗ ಮಾತ್ರ. ಸುಮ್ಮನೆ ಬಿಸಿಯಾಗಿ ನಿಂತಿರುವಾಗ ಕೆಲವೇ ವ್ಯಾಟ್ ಸಾಕು. ಆದರೆ ಪವರ್ ಬ್ಯಾಂಕ್ 20 ವೋಲ್ಟ್ ಕೊಡುತ್ತದೆಯೇ ಎಂದು ಅದರ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಬಹಳಷ್ಟು 9 ಅಥವಾ 12 ವೋಲ್ಟಿಗೇ ನಿಲ್ಲುತ್ತವೆ.

ಕೇಬಲ್ ಬಗ್ಗೆ ಒಂದು ಮಾತು. ಮೂವತ್ತು ಗ್ರಾಮಿನ ಐರನ್ನಿಗೆ ಸೆಟೆದು ನಿಲ್ಲುವ ಕೇಬಲ್ ಹಾಕಿದರೆ ಕೈ ಒಂದು ಕಡೆ, ತುದಿ ಒಂದು ಕಡೆ. ಮೆತ್ತಗಿನ ಸಿಲಿಕೋನ್ ಹೊದಿಕೆಯ ಕೇಬಲ್ಲಿಗೆ ಬಿಸಿ ತುದಿ ಅಪ್ಪಿತಪ್ಪಿ ತಗುಲಿದರೂ ಸುಲಭವಾಗಿ ಸುಡದು. ಸಾಮಾನ್ಯ ಪಿವಿಸಿಯದು ತಗುಲಿದೊಡನೆ ಕರಗುತ್ತದೆ.

ಇನ್ನು ಆ ಹೆಸರಿನ ವಿಷಯ. ಮೊದಲ ಪಾಠದ ದಿನ ನಾನು ಬಳಸಿದ್ದು ಅಂಗಡಿಯ 60/40 ಸೋಲ್ಡರ್: ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ. ಪಾಠ ಮುಗಿದು ಮಕ್ಕಳು ಬಿಸಿಯೂಟಕ್ಕೆ ಸಾಲು ನಿಂತಾಗ ಮಾರ್ಗದರ್ಶಿ ಶಿಕ್ಷಕಿಯವರು ಕೇಳಿದರು, "ಆ ತಂತಿ ಸೀಸದ್ದಲ್ವೇನ್ರೀ? ಎಷ್ಟು ಜನ ಮುಟ್ಟಿದ್ರು?" ಐದಾರು ಮಂದಿ ಮುಟ್ಟಿದ್ದರು. ಓಡಿಹೋಗಿ ಅವರನ್ನು ಸಾಲಿನಿಂದ ಎಳೆದು ತಂದು ಸೋಪಿನಲ್ಲಿ ಕೈ ತೊಳೆಸಿದೆ. ಬೆಸುಗೆಯ ತಾಪದಲ್ಲಿ ಸೀಸ ಹೊಗೆಯಾಗಿ ಏಳುವುದಿಲ್ಲ, ಕಾಣುವ ಹೊಗೆ ಫ್ಲಕ್ಸಿನದು. ಅಪಾಯದ ದಾರಿ ಕೈಯಿಂದ ಬಾಯಿಗೆ. ಹಾಗಾಗಿ ಊಟದ ಮುಂಚಿನ ಅವಧಿ ಇದಕ್ಕೆ ಎಲ್ಲಕ್ಕಿಂತ ಕೆಟ್ಟ ಅವಧಿ. ಎರಡನೆಯ ಪಾಠವನ್ನು ಊಟದ ನಂತರಕ್ಕೆ ಹಾಕಿಸಿಕೊಂಡೆ. ಸೀಸವಿಲ್ಲದ, ತವರ-ತಾಮ್ರದ ಸೋಲ್ಡರ್ ತಂದೆ. ಕಿಟಕಿ ತೆರೆದಿಟ್ಟೆ, ಕೊನೆಯ ಐದು ನಿಮಿಷ ಕೈ ತೊಳೆಯುವುದಕ್ಕೆ ಎಂದು ಪಾಠಯೋಜನೆಯಲ್ಲೇ ಬರೆದೆ. 'ಲೋಹಗಳು ಮತ್ತು ಅಲೋಹಗಳು' ಅಧ್ಯಾಯದಲ್ಲಿ ಬೆಸುಗೆ ಲೋಹವೆಂದರೆ ಸೀಸ ಮತ್ತು ತವರದ ಮಿಶ್ರಲೋಹ ಎಂದಿದೆ. ಅದು ತಪ್ಪಲ್ಲ, ಆದರೆ ಈಗ ಅದೊಂದೇ ಅಲ್ಲ ಎಂದು ಎರಡೂ ಸುರುಳಿಗಳ ಲೇಬಲ್ ಓದಿಸಿ ತೋರಿಸಿದೆ, ಹಳೆಯದನ್ನು ಪಾರದರ್ಶಕ ಚೀಲದಲ್ಲಿಟ್ಟು. ಇದರಿಂದ ಐರನ್ನಿನ ಹೊಣೆ ಹೆಚ್ಚಿತು. 60/40 ಸೋಲ್ಡರ್ 183 ಡಿಗ್ರಿಯಲ್ಲಿ ಕರಗತೊಡಗಿ 190ರ ಹೊತ್ತಿಗೆ ಪೂರ್ತಿ ದ್ರವವಾಗುತ್ತದೆ. ತವರ-ತಾಮ್ರದ್ದಕ್ಕೆ 227 ಬೇಕು. 8 ವ್ಯಾಟಿನ ಐರನ್ ಅದನ್ನು ತೆಳು ವೈರಿನಲ್ಲಿ ಕಷ್ಟಪಟ್ಟು ಕರಗಿಸೀತು, ಅದಕ್ಕಿಂತ ಮುಂದೆ ಇಲ್ಲ.

ಎರಡನೆಯ ಪಾಠವನ್ನು ಆ ಹುಡುಗನ ಪ್ರಶ್ನೆಯಿಂದಲೇ ತೆರೆದೆ. ಅವನ ಪ್ರಶ್ನೆಯನ್ನು ಅವನ ಮಾತಿನಲ್ಲೇ ಹಲಗೆಯ ಮೇಲೆ ಬರೆದು, ಹಿಂದಿನ ದಿನ ನಾನು ಕೊಟ್ಟ ಉತ್ತರವನ್ನು ಅದರ ಕೆಳಗೆ ಬರೆದು, ಅದರ ಮೇಲೆ ಅಡ್ಡಗೆರೆ ಎಳೆದೆ. ತರಗತಿ ಒಮ್ಮೆ ನಿಶ್ಶಬ್ದವಾಯಿತು. ನಂತರ ಐರನ್ನನ್ನು 350 ಡಿಗ್ರಿಗೆ ಇಟ್ಟು, ಒಬ್ಬಳು ಪರದೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬ ಸೆಕೆಂಡು ಎಣಿಸುವುದು ಎಂದು ಹಂಚಿದೆ. ತೆಳು ವೈರಿಗೆ ತಾಗಿಸಿದಾಗ ಸಂಖ್ಯೆ ಹೆಚ್ಚು ಕದಲಲಿಲ್ಲ. ಹಿತ್ತಾಳೆ ಟರ್ಮಿನಲ್ಲಿಗೆ 12 ವೋಲ್ಟಿನಲ್ಲಿ ತಾಗಿಸಿದಾಗ ಮುನ್ನೂರರ ಕೆಳಗೆ ಜಾರಿ ಅಲ್ಲೇ ತಿಣುಕಿತು. ಅಡಾಪ್ಟರ್ ಬದಲಿಸಿ 20 ವೋಲ್ಟ್ ಕೊಟ್ಟಾಗ ಇಳಿದಷ್ಟೇ ಬೇಗ ಮೇಲೆದ್ದಿತು, ಬೆಸುಗೆ ಹರಿದು ಹಿತ್ತಾಳೆಗೆ ಹತ್ತಿತು. ಓದುತ್ತಿದ್ದ ಹುಡುಗಿ ಸಂಖ್ಯೆ ಹೇಳುವುದನ್ನು ಬಿಟ್ಟು "ಹಿಡೀತು ಮಿಸ್" ಎಂದಳು.

ವಿಶಿಷ್ಟೋಷ್ಣದ ಲೆಕ್ಕ ಹತ್ತನೆಯ ತರಗತಿಯ ಪಠ್ಯದಲ್ಲಿಲ್ಲ. ಆದ್ದರಿಂದ ಸೂತ್ರ ಕೊಡಲಿಲ್ಲ. ಒಗ್ಗರಣೆ ಸೌಟಿನ ಎಣ್ಣೆ ಬೇಗ ಕಾಯುತ್ತದೆ, ಬಾಣಲೆಯ ಎಣ್ಣೆಗೆ ಅದೇ ಉರಿಯಲ್ಲಿ ಹೊತ್ತು ಬೇಕು ಎಂದು ಅವರೇ ಹೇಳಿದರು, ಅಷ್ಟು ಸಾಕಾಯಿತು. ಒಂದು ತಪ್ಪುಗ್ರಹಿಕೆ ಮಾತ್ರ ಕೊನೆಯವರೆಗೂ ಕಾಡಿತು: 50 ವ್ಯಾಟಿನ ಐರನ್ 25 ವ್ಯಾಟಿನದಕ್ಕಿಂತ ಎರಡರಷ್ಟು ಬಿಸಿ ಎಂದು ಹಲವರು ಬರೆದರು. ತಾಪ ನಿಯಂತ್ರಣವಿರುವ ಐರನ್ನಿನಲ್ಲಿ ವ್ಯಾಟ್ ಎಂದರೆ ಅದರ ಬಿಸಿಯಲ್ಲ, ಬಿಸಿ ಕಳೆದುಕೊಂಡಾಗ ಮರಳಿ ತುಂಬಿಕೊಳ್ಳುವ ವೇಗ. ಇದನ್ನು ಹೇಳಲು ಮತ್ತೊಂದು ಅವಧಿ ಹಿಡಿಯಿತು. ಒಂದು ಅವಧಿಯ ಪಾಠಕ್ಕೆ ಮೂರು ಅವಧಿ ತೆಗೆದುಕೊಂಡದ್ದನ್ನು ಮಾರ್ಗದರ್ಶಿ ಶಿಕ್ಷಕಿಯವರು ಬರೆದಿದ್ದಾರೆ, ಒಪ್ಪುತ್ತೇನೆ.

ಬೆಸುಗೆ ಹಾಕಿದ್ದು ನಾನೇ. ವೈರ್ ಸುಲಿಯುವುದು, ಟರ್ಮಿನಲ್ಲನ್ನು ಮರಳು ಕಾಗದದಿಂದ ಉಜ್ಜುವುದು, ಬೆಸುಗೆಗೆ ಮೊದಲೇ ವೈರನ್ನು ರಂಧ್ರದಲ್ಲಿ ತೂರಿಸಿ ಬಿಗಿಯಾಗಿ ಸುತ್ತುವುದು, ಆಮೇಲೆ ಮಲ್ಟಿಮೀಟರಿನಲ್ಲಿ ಪರೀಕ್ಷಿಸುವುದು ಮಕ್ಕಳ ಪಾಲು. ಐರನ್ ಕೊಡಿ ಎಂದು ಕೇಳಿದವರಿಗೆ ಕೊಡಲಿಲ್ಲ. ಒಬ್ಬಳೇ ಇದ್ದು ನಲವತ್ತು ಜನರನ್ನು ನೋಡಿಕೊಳ್ಳುವಾಗ ಅದು ಸರಿಯೆನಿಸಲಿಲ್ಲ.

ನನ್ನಂತೆ ಊರೂರು ತಿರುಗುವ ಪ್ರಶಿಕ್ಷಣಾರ್ಥಿಗಳು ಕೊಳ್ಳುವುದಾದರೆ: ಸುರುಳಿ ಮತ್ತು ಥರ್ಮೋಕಪಲ್ ತುದಿಯಲ್ಲೇ ಇರುವ, ತಾನಾಗಿ ನಿದ್ದೆಗೆ ಹೋಗುವ ಐರನ್, 65 ವ್ಯಾಟಿನ ಅಡಾಪ್ಟರ್, ಮೆತ್ತನೆಯ ಕೇಬಲ್. ತುದಿಗಳಲ್ಲಿ ಸೂಜಿಮೊನೆಯದನ್ನು ಬಿಟ್ಟು, ಓರೆಯಾಗಿ ಕತ್ತರಿಸಿದ ಅಥವಾ ಉಳಿಯ ಬಾಯಿಯಂಥ ಅಗಲದ್ದನ್ನು ತೆಗೆದುಕೊಳ್ಳಿ, ಸೂಜಿಮೊನೆ ಟರ್ಮಿನಲ್ಲಿಗೆ ಒಂದು ಚುಕ್ಕೆಯಷ್ಟೇ ತಾಗುತ್ತದೆ, ಉಷ್ಣ ದಾಟಲು ಜಾಗವೇ ಇರುವುದಿಲ್ಲ. ಆದರೆ ಶಾಲೆಗೇ ಒಂದು ಕೊಳ್ಳುವುದಾದರೆ, ಭದ್ರವಾದ ಪ್ಲಗ್ ಪಾಯಿಂಟ್ ಇರುವ ಪ್ರಯೋಗಾಲಯವಿದ್ದರೆ, ನಾನು 25 ವ್ಯಾಟಿನ ಹಳೆಯ ಬಗೆಯದನ್ನೇ ಹೇಳುತ್ತೇನೆ, ಸ್ಟ್ಯಾಂಡ್ ಸಮೇತ. ಹಗುರ ಐರನ್ನಿನ ಬೆಲೆ ಅದರ ಹತ್ತು ಪಟ್ಟಿಗೂ ಹೆಚ್ಚು. ಆ ಹಣದ ಉಳಿಕೆಯಲ್ಲಿ ಎರಡು ಮಲ್ಟಿಮೀಟರ್ ಬರುತ್ತವೆ.

ನಾನು ಕೊನೆಗೆ ಹಗುರವಾದದ್ದನ್ನೇ ಕೊಂಡೆ, ಎರಡು ತಿಂಗಳ ಟ್ಯೂಷನ್ ಹಣದಲ್ಲಿ. ಇಂಟರ್ನ್‌ಶಿಪ್ ಮುಗಿಯುವ ವೇಳೆಗೆ ಒಂಬತ್ತು ಹೋಲ್ಡರ್‌ಗಳಲ್ಲಿ ಎಂಟು ಉರಿದವು. ಒಂಬತ್ತನೆಯದರ ಪ್ಲಾಸ್ಟಿಕ್ ಮೊದಲ ದಿನ ನಾನು ಒತ್ತಿ ಹಿಡಿದಾಗಲೇ ಬಾಗಿಹೋಗಿತ್ತು. ಓಮ್‌ನ ನಿಯಮದ ಚಟುವಟಿಕೆ ಐದು ಗುಂಪುಗಳಲ್ಲಿ ನಡೆಯಿತು. ರಿಯೋಸ್ಟಾಟಿನ ದಪ್ಪ ಟರ್ಮಿನಲ್ಲಿಗೆ 50 ವ್ಯಾಟೂ ಸಾಲಲಿಲ್ಲ. ಅದಕ್ಕೆ ವೈರಿನ ತುದಿಗೆ ಲಗ್ ಹಾಕಿ ಸ್ಕ್ರೂ ಬಿಗಿದೆವು.